ಮೂರು ಸ್ವರದ ಪೆಟ್ಟಿಗೆ

"ಆನ್ ಮಾಡ್ಬೇಡಿ."

ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದ ರಿಪೇರಿ ಅಂಗಡಿಯ ಶಶಾಂಕ ತಲೆ ಎತ್ತಿದ. ಅವನ ಮಣಿಕಟ್ಟನ್ನು ಹಿಡಿದಿದ್ದ ಕೈ ತಣ್ಣಗಿತ್ತು. ಮಾರ್ಚ್ ತಿಂಗಳ ನಡು ಮಧ್ಯಾಹ್ನ, ಮೂಡುಬಿದಿರೆ ಪೇಟೆಗೆ ಪೇಟೆಯೇ ಬೆವರುತ್ತಿರುವಾಗ ಇಷ್ಟು ತಣ್ಣಗಿನ ಕೈ...

ಸಾತ್ವಿಕಾ ಥಟ್ಟನೆ ಕೈ ಹಿಂದೆಗೆದುಕೊಂಡಳು. ಗುರುತು ಪರಿಚಯ ಇಲ್ಲದವನ ಕೈ ಹಿಡಿದುಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಪುತ್ತಿಗೆಯ ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಕಣ್ಸನ್ನೆಯಲ್ಲೇ ಕೂರಿಸುವ ಟೀಚರು ಇವಳು. ಈಗ ಸ್ವರ ದೊಡ್ಡದು ಮಾಡುವ ಒಂದು ಹಳೇ ಆಂಪ್ಲಿಫೈಯರ್ ಪೆಟ್ಟಿಗೆಯ ಮುಂದೆ ಬೆದರಿ ನಿಂತಿದ್ದಳು.

"ಆನ್ ಮಾಡದೆ ರಿಪೇರಿ ಹೇಗೆ ಮಾಡುದು ಮಾರಾಯ್ರೆ?"

"ರಿಪೇರಿ ಬೇಡ. ಇದರ ಪ್ರಾಯ ಹೇಳಿ, ಸಾಕು. ಹುಟ್ಟಿದ್ದು ಯಾವಾಗ... ಸತ್ತದ್ದು ಯಾವಾಗ."

ಹನ್ನೆರಡು ವರ್ಷದಿಂದ ರೇಡಿಯೋ, ಮೈಕು, ಆಂಪ್ಲಿಫೈಯರು ಬಿಚ್ಚುತ್ತಾ ಬಂದ ಶಶಾಂಕನ ಹತ್ತಿರ ಯಾರೂ ಪೆಟ್ಟಿಗೆಯ ಜಾತಕ ಕೇಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದ. ಇವಳ ಕಣ್ಣು ನೋಡಿದ ಮೇಲೆ ನಗು ಬರಲಿಲ್ಲ.

ಅವನು ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದ. ಒಳಗಿಂದ ಯಾರೋ ನರಳಿದ ಹಾಗೆ ಉದ್ದನೆಯ ಸದ್ದು ಬಂತು. ಸಾತ್ವಿಕಾ ಎರಡು ಹೆಜ್ಜೆ ಹಿಂದೆ ಸರಿದಳು.

"ಹೆದರ್ಬೇಡಿ. ಒಳಗೆ ಸ್ಪ್ರಿಂಗ್ ಉಂಟು, ಸ್ವರ ಗುಂಯ್ ಅಂತ ಬರ್ಲಿಕ್ಕೆ ಇಡುದು. ಅಲುಗಿದ್ರೆ ಹೀಗೆ ಕೂಗ್ತದೆ."

"ನಾನು ಕೇಳಿದ್ದು ಇದಲ್ಲ..." ಬಾಯಿ ತಪ್ಪಿ ಬಂದೇಬಿಟ್ಟಿತು.

"ಎಂತ ಕೇಳಿದ್ದು?"

ಅವಳು ಹೆಸರು, ಫೋನ್ ನಂಬರ್ ಬರೆದುಕೊಟ್ಟು ಹಿಂದಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು.

ಎರಡು ದಿನ ಬಿಟ್ಟು ಅವನ ಫೋನ್ ಬಂತು.

"ವಾಲ್ಯೂಮ್ ತಿರುಗಿಸುವ ಭಾಗದ ಬೆನ್ನಿನಲ್ಲಿ ನಂಬರ್ ಹೊಡೆದಿರ್ತಾರೆ. ವರ್ಷ ಮತ್ತೆ ವಾರ. ಇದರಲ್ಲಿ ಸೊನ್ನೆ ಮೂರು, ಸೊನ್ನೆ ಒಂಬತ್ತು ಅಂತ ಉಂಟು. 2003ರ ಒಂಬತ್ತನೇ ವಾರ. ಅಷ್ಟೇನೂ ಹಳತಲ್ಲ ಇದು."

"ಸುಳ್ಳು. ಅದು ನನ್ನ ಅಪ್ಪಂದು. ಅಪ್ಪ ತೀರಿಹೋದದ್ದು 2001ರಲ್ಲಿ."

ಅಷ್ಟು ಹೇಳಿ ಇವಳು ಫೋನ್ ಇಟ್ಟುಬಿಟ್ಟಳು. ಅಪ್ಪನದು ಅಂತ ಉಳಿದದ್ದು ಅದೊಂದೇ, ಅದನ್ನೂ ಅಪ್ಪನದಲ್ಲ ಅಂತಾನಲ್ಲ ಎಂದು ಸಿಟ್ಟು ಬಂತು. ಬುಧವಾರ ಮಧ್ಯಾಹ್ನ ಆ ಸಿಟ್ಟನ್ನು ಹೊತ್ತುಕೊಂಡೇ ಅಂಗಡಿ ಮೆಟ್ಟಿಲು ಹತ್ತಿದಳು.

ಪೆಟ್ಟಿಗೆ ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಮಲಗಿತ್ತು.

"ತಪ್ಪು ನನ್ನದೇ," ಅಂದ ಶಶಾಂಕ, ಅವಳು ಬಾಯಿ ತೆರೆಯುವ ಮೊದಲೇ. "ಒಂದು ಭಾಗ ನೋಡಿ ಪ್ರಾಯ ಹೇಳ್ಬಾರದಿತ್ತು. ಉಳಿದದ್ದರಲ್ಲೆಲ್ಲ ಎಪ್ಪತ್ತೊಂಬತ್ತು ಅಂತ ಉಂಟು. ಹುಟ್ಟಿದ್ದು 1979ರಲ್ಲಿ. ವಾಲ್ಯೂಮ್ ಒಂದನ್ನೇ ಆಮೇಲೆ ಬದಲಿಸಿದ್ದು."

"ಅಂದ್ರೆ?"

"ಅಂದ್ರೆ ನಿಮ್ಮ ಅಪ್ಪ ಹೋಗಿ ಎರಡು ವರ್ಷ ಆದ ಮೇಲೂ ಇದನ್ನು ಯಾರೋ ಬಾರಿಸ್ತಿದ್ರು."

ಸಾತ್ವಿಕಾ ಸ್ಟೂಲು ಎಳೆದುಕೊಂಡು ಕೂತಳು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಟ್ಟಿಟ್ಟಿದ್ದು ಅವಳಿಗೇ ಗೊತ್ತಿಲ್ಲದೆ ಹೊರಗೆ ಬಂತು.

ಅವಳ ಅಪ್ಪ ಶೇಖರ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದವರು. ಅವರು ತೀರಿದ ಮೇಲೆ ಪಾಣೆಮಂಗಳೂರಿನ ಮನೆಯ ಮಾಳಿಗೆಯ ಕೋಣೆಗೆ ಬೀಗ ಬಿತ್ತು. ಮರುವರ್ಷ ಸದ್ದು ಶುರುವಾಯಿತು. ಅದೂ ಮಧ್ಯಾಹ್ನ, ಊಟ ಮುಗಿಸಿ ಮನೆಯವರೆಲ್ಲ ಮಲಗಿ, ಹೊರಗೆ ಕಾಗೆಯೂ ಕೂಗದ ಹೊತ್ತಿಗೆ ಮಾಳಿಗೆಯಿಂದ ಗಿಟಾರು. ಏಳು ವರ್ಷದ ಹುಡುಗಿ ದೊಡ್ಡಪ್ಪ ಸುಬ್ಬಯ್ಯನವರಿಗೆ ಹೇಳಿದಳು, ಅಪ್ಪ ಬಾರಿಸ್ತಾರೆ ಅಂತ. ದೊಡ್ಡಪ್ಪ ಅವಳನ್ನು ಮೇಲೆ ಕರೆದುಕೊಂಡು ಹೋಗಿ, ಅಮ್ಮನ ಕೈಯಿಂದ ಬೀಗ ತೆಗೆಸಿ, ಪೆಟ್ಟಿಗೆಯ ಸ್ವಿಚ್ ಹಾಕಿ ತೋರಿಸಿದರು. ದೀಪ ಹೊತ್ತಲಿಲ್ಲ.

"ಸತ್ತ ಪೆಟ್ಟಿಗೆ ಹಾಡ್ತದಾ ಅಂತ ಕೇಳಿದ್ರು. ಮತ್ತೆ ಮಂತ್ರವಾದಿ, ನೂಲು, ಭಸ್ಮ... 2003ರ ಜೂನಿನಲ್ಲಿ ಸದ್ದು ನಿಂತಿತು. ನೂಲು ಕೆಲಸ ಮಾಡಿತು ಅಂದ್ರು ಎಲ್ಲರೂ. ನನಗೆ ಮಂಡೆ ಸರಿ ಇಲ್ಲ ಅನ್ನುವ ಹೆಸರು ಮಾತ್ರ ಉಳಿಯಿತು."

"ಅಮ್ಮನೂ ನಂಬ್ಲಿಲ್ವಾ?"

"ಅಮ್ಮ ಎಂತದೂ ಹೇಳ್ಲಿಲ್ಲ. ತಲೆ ತಗ್ಗಿಸಿ ಬ್ಲೌಸ್ ಹೊಲೀತಾ ಇರ್ತಿದ್ರು. ಹೋದ ವರ್ಷ ತೀರಿಕೊಂಡ್ರು. ಆಮೇಲೆ ನಾನೇ ಬೀಗ ಒಡೆದದ್ದು. ಗಿಟಾರು ಗೆದ್ದಲು ತಿಂದಿತ್ತು, ಈ ಪೆಟ್ಟಿಗೆ ಒಂದೇ ಉಳಿದದ್ದು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಂಟ್ವಾಳದಿಂದ ಒಂದು ಸಂಬಂಧ ಬಂದಿತ್ತು. ಮುಚ್ಚಿಡ್ಬಾರದು ಅಂತ ಎಲ್ಲ ಹೇಳಿದೆ. ಮತ್ತೆ ಅವರ ಫೋನೇ ಇಲ್ಲ. ನಾನು ಕೇಳಿದ್ದು ನಿಜವಾ, ಅಷ್ಟು ಗೊತ್ತಾದ್ರೆ ಸಾಕು ನನಗೆ. ಈಗಲೂ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಕೂರ್ಲಿಕ್ಕೆ ಆಗುದಿಲ್ಲ."

ಶಶಾಂಕ ಟಾರ್ಚ್ ಹಿಡಿದು ಪೆಟ್ಟಿಗೆಯ ಒಳಗೆ ಬಗ್ಗಿದ. ತುಂಬಾ ಹೊತ್ತು ಏನನ್ನೋ ದಿಟ್ಟಿಸಿದ. ತಲೆ ಎತ್ತಿದಾಗ ಅವನ ಮುಖದ ಬಣ್ಣವೇ ಬದಲಾಗಿತ್ತು.

"ಸ್ವಲ್ಪ ದಿನ ಕೊಡಿ," ಎಂದ. ಅಷ್ಟೇ.

ಒಂದು ದಿನ... ನಾಲ್ಕು ದಿನ... ಹತ್ತು ದಿನ. ಫೋನ್ ಇಲ್ಲ.

'ಇವನೂ ಹೆದರಿದ. ಹೇಳಬಾರದಿತ್ತು, ನನ್ನ ಬಾಯಿಗೆ ಬೀಗ ಬೀಳಬಾರದಾ?' ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಾ ಕೂತವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ನೋವಾಗುತ್ತಿದ್ದದ್ದು ಪೆಟ್ಟಿಗೆಗಾಗಿ ಆಗಿರಲಿಲ್ಲ. ತನ್ನ ಮಾತಿಗೆ ಒಮ್ಮೆಯೂ ನಗದೆ ಕೂತಿದ್ದ ಆ ಮುಖ ಮತ್ತೆ ಕಾಣುವುದಿಲ್ಲವಲ್ಲ ಎಂದು ಸಂಕಟವಾಗುತ್ತಿತ್ತು.

ಹನ್ನೆರಡನೇ ದಿನ, ಸೋಮವಾರ, ಅರ್ಧ ದಿನ ರಜೆ ಹಾಕಿ ಹೋದಳು.

"ನನ್ನ ಪೆಟ್ಟಿಗೆ ಕೊಡಿ."

ಶಶಾಂಕ ಗೋಡೆಗೆ ತೂಗುಹಾಕಿದ್ದ ಹಳೇ ಗಿಟಾರ್ ತೆಗೆದು ಒಂದು ತಂತಿ ಮೀಟಿದ. ಮೂರು ಸ್ವರ. ಆಮೇಲೆ ನಿಲ್ಲಿಸಿದ. ಸ್ವಲ್ಪ ತಡೆದು ಮತ್ತೆ ಅದೇ ಮೂರು ಸ್ವರ...

ಸಾತ್ವಿಕಾಳ ಮೈಯ ರೋಮವೆಲ್ಲ ಎದ್ದು ನಿಂತಿತು. ಅಂಗಡಿಯ ಹೊರಗೆ ಬಿಸಿಲು ಸುಡುತ್ತಿತ್ತು, ಇವಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಅದೇ ಸ್ವರಗಳು, ಅದೇ ಜಾಗದಲ್ಲಿ ನಿಲ್ಲುವುದು.

"ನಾನು... ಇದನ್ನು ನಿಮಗೆ ಹೇಳ್ಲೇ ಇಲ್ಲ. ಯಾರಿಗೂ ಹೇಳ್ಲಿಲ್ಲ. ನಿಮಗೆ ಯಾರು ಹೇಳಿದ್ದು?"

"ನನ್ನ ಅಪ್ಪ. ಕೂತ್ಕೊಳ್ಳಿ ಮೊದಲು."

ಅವನು ಪೆಟ್ಟಿಗೆಯ ಒಳಗೆ ಟಾರ್ಚ್ ಬಿಟ್ಟ. ತಗಡಿನ ಮೂಲೆಯಲ್ಲಿ ಮಾಸಿದ ಪೆನ್ಸಿಲ್ ಅಕ್ಷರ: ಜಲಜಾಕ್ಷಿ, ಪಾಣೆಮಂಗಳೂರು, 14-6-2003.

"ಅಮ್ಮ..."

"ನಮ್ಮ ಅಂಗಡಿಯ ಕ್ರಮ ಇದು. ತಂದವರ ಹೆಸರು, ಊರು, ತಾರೀಕು ಒಳಗೆ ಬರೆದೇ ಮುಚ್ಚುದು. ಅಕ್ಷರ ನನ್ನ ಅಪ್ಪಂದು. ಅವರೀಗ ಬೆಳ್ತಂಗಡಿಯಲ್ಲಿ ಅಕ್ಕನ ಮನೆಯಲ್ಲಿ ಇದ್ದಾರೆ. ಫೋನಿನಲ್ಲಿ ಕಿವಿ ಕೇಳುದಿಲ್ಲ. ಮೊದಲ ಭಾನುವಾರ ಹೋದೆ, ಎಷ್ಟು ಹೇಳಿದ್ರೂ ನೆನಪಾಗ್ಲಿಲ್ಲ. ನಿನ್ನೆ ಪೆಟ್ಟಿಗೆಯನ್ನೇ ಬಸ್ಸಲ್ಲಿ ಹೊತ್ತುಕೊಂಡು ಹೋದೆ. ತಾನೇ ಹಾಕಿದ ಬೆಸುಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿದ್ರು, ಎಲ್ಲ ನೆನಪಿಗೆ ಬಂತು."

ಶಶಾಂಕನ ಅಪ್ಪ ಕೃಷ್ಣಕುಮಾರರು ನೆನಪಿಸಿಕೊಂಡದ್ದು ಇಷ್ಟು. ಒಬ್ಬ ಹೆಂಗಸು ಬಸ್ಸಿಳಿದು ರಿಕ್ಷಾದಲ್ಲಿ ಪೆಟ್ಟಿಗೆ ತಂದಿದ್ದಳು. ವಾಲ್ಯೂಮ್ ಹಾಳಾಗಿದೆ, ಸರಿ ಮಾಡಿ, ಇಯರ್‌ಫೋನ್ ಸಿಕ್ಕಿಸಲು ಒಂದು ತೂತನ್ನೂ ಮಾಡಿಕೊಡಿ ಎಂದಿದ್ದಳು. ಸ್ವರ ಹೊರಗೆ ಬರಬಾರದು, ಮಗಳು ಹೆದರ್ತಾಳೆ ಎಂದಿದ್ದಳು. ಸರಿಯಾಗಿದೆಯಾ ಎಂದು ನೋಡಲು ತಾನೇ ಬಾರಿಸಿದಳು, ಮೂರೇ ಸ್ವರ. ಮುಂದಿನದ್ದು ಬಾರಿಸಿ ಅಂದರೆ ತಲೆ ಅಲ್ಲಾಡಿಸಿದಳು.

"'ಅವರು ಕಲಿಸಿದ್ದು ಇಷ್ಟೇ. ಉಳಿದದ್ದು ನಾಳೆ ಹೇಳಿಕೊಡ್ತೇನೆ ಅಂದಿದ್ರು' ಅಂದ್ರಂತೆ."

ಆ ನಾಳೆ ಬರಲಿಲ್ಲ. ಸಾತ್ವಿಕಾಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ದೊಡ್ಡಪ್ಪ ಸ್ವಿಚ್ ಹಾಕಿದಾಗ ದೀಪ ಹೊತ್ತಲಿಲ್ಲವಲ್ಲ?"

"ಫ್ಯೂಸ್ ಸುಟ್ಟದ್ದಲ್ಲ, ಒಳಗೆ ಇಲ್ಲವೇ ಇಲ್ಲ. ಯಾರೋ ತೆಗೆದಿಟ್ಟದ್ದು. ಇಷ್ಟು ಸಣ್ಣ ಗಾಜಿನ ಕೊಳವೆ, ಎರಡು ತುದಿಗೂ ತಗಡಿನ ಟೊಪ್ಪಿ."

ಅಮ್ಮನ ಗುಂಡಿ ಡಬ್ಬ! ಬ್ಲೌಸಿನ ಹುಕ್ಕುಗಳ ನಡುವೆ ಬಿದ್ದಿರುತ್ತಿದ್ದ ಆ ಗಾಜಿನ ಕೊಳವೆಯನ್ನು ಹೊಲಿಗೆ ಮೆಷಿನಿನ ಯಾವುದೋ ಭಾಗ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

ಗಂಡ ಸತ್ತವಳು ಗಿಟಾರ್ ಹಿಡಿದು ಕೂತರೆ ಆ ಮನೆಯಲ್ಲಿ ಏನೆಲ್ಲ ಮಾತು ಹುಟ್ಟುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಬಂತು. 'ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲಮ್ಮಾ... ನಾನು ಯಾರಿಗೂ ಹೇಳುತ್ತಿರಲಿಲ್ಲ.' ಆಮೇಲೆ ಅಳು ಬಂತು. ಶಶಾಂಕ ಬಾಗಿಲಿಗೆ ಅಡ್ಡ ಬೆನ್ನು ಕೊಟ್ಟು ನಿಂತ, ದಾರಿಯಲ್ಲಿ ಹೋಗುವವರಿಗೆ ಕಾಣದ ಹಾಗೆ.

"ಒಂದು ಫೋನ್ ಮಾಡ್ಬಹುದಿತ್ತು ನೀವು," ಎಂದಳು ಕೊನೆಗೆ. "ನಾನು ಗ್ರಹಿಸಿದ್ದು, ನೀವೂ ಆ ಬಂಟ್ವಾಳದವರ ಹಾಗೆ..."

"ಅರ್ಧ ಹೇಳಿ ಆಸೆ ಹುಟ್ಟಿಸ್ಬಾರದು ಅಂತ ಸುಮ್ಮನಿದ್ದೆ. ತಪ್ಪಾಯ್ತು. ನನಗೆ ನೀವು ಹೇಳಿದ ದಿನವೇ ನಂಬಿಕೆ ಬಂದಿತ್ತು."

"ಯಾಕೆ?"

"ಸುಳ್ಳು ಹೇಳುವವರ ಕೈ ಅಷ್ಟು ತಣ್ಣಗೆ ಇರುದಿಲ್ಲ."

ಅವನು ಹೊಸ ಫ್ಯೂಸ್ ಹಾಕಿ, ಗಿಟಾರಿನ ವಯರನ್ನು ಪೆಟ್ಟಿಗೆಗೆ ಸಿಕ್ಕಿಸಿದ. "ಈಗ ಆನ್ ಮಾಡ್ಬಹುದಾ?"

ಸಾತ್ವಿಕಾ ತಾನೇ ಕೈ ಚಾಚಿ ಸ್ವಿಚ್ ಒತ್ತಿದಳು. ಕೆಂಪು ದೀಪ ಹೊತ್ತಿತು. ಒಳಗಿನ ಗಾಜಿನ ವಾಲ್ವುಗಳು ನಿಧಾನವಾಗಿ ಕೆಂಡದ ಬಣ್ಣಕ್ಕೆ ತಿರುಗಿದವು. ಶಶಾಂಕ ಆ ಮೂರು ಸ್ವರ ಮೀಟಿ ಕೈ ಬಿಟ್ಟ. ಪೆಟ್ಟಿಗೆ ಗುಂಯ್ ಅನ್ನುತ್ತಾ ಇತ್ತು... ಆ ಗುಂಯ್ ಒಳಗಿನಿಂದ ನಾಲ್ಕನೆಯ ಸ್ವರವೊಂದು ತೀರಾ ಮೆಲ್ಲಗೆ ಎದ್ದು, ಹಾಗೇ ಇಳಿದುಹೋಯಿತು. ಅವನ ಎರಡೂ ಕೈ ತಂತಿಯಿಂದ ದೂರ ಇದ್ದವು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಸ್ಪ್ರಿಂಗ್ ಇರ್ಬೇಕು," ಎಂದ ಅವನು.

"ಇರ್ಲಿ," ಎಂದಳು ಅವಳು. ಈ ಸಲ ಹಿಂದೆ ಸರಿಯಲಿಲ್ಲ.

ಮುಚ್ಚುವ ಮೊದಲು ಅವನು ಪೆನ್ಸಿಲ್ ಎತ್ತಿಕೊಂಡ. ಜಲಜಾಕ್ಷಿಯ ಹೆಸರಿನ ಕೆಳಗೆ ಸಾತ್ವಿಕಾ ಎಂದು ಬರೆದ. ಪೆನ್ಸಿಲ್ ಅಲ್ಲೇ ನಿಂತಿತು.

"ಊರು ಬರೀಲಿಲ್ವಾ?"

"ಖಾಲಿ ಬಿಡ್ತೇನೆ." ಅವನ ಕಿವಿ ಕೆಂಪಾಗಿತ್ತು. "ಮುಂದೆ ಯಾವತ್ತಾದ್ರೂ ಮೂಡುಬಿದಿರೆ ಅಂತ ಬರೆಯುವ ಆಸೆ ಉಂಟು ನನಗೆ. ಅವಸರ ಇಲ್ಲ. ನೀವು ಯೋಚನೆ ಮಾಡಿ, ನಾಳೆ ಹೇಳಿದ್ರೂ ಸಾಕು."

ಸಾತ್ವಿಕಾ ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು. ಅವಳ ಬೆರಳುಗಳು ಬೆಚ್ಚಗಿದ್ದವು. ಟೀಚರರ ದುಂಡು ಅಕ್ಷರದಲ್ಲಿ ಆ ಊರಿನ ಹೆಸರನ್ನು ತಾನೇ ಬರೆದಳು.

"ನಾಳೆ ಅಂತ ಬಿಡುದು ಬೇಡ," ಎಂದಳು.