ಒಂಬತ್ತು ಸೆಕೆಂಡಿನ ಒಪ್ಪಿಗೆ

ಮಾರ್ಚ್ 14, ಮಂಗಳವಾರ, ಬೆಳಗ್ಗೆ 10 ಗಂಟೆ 40 ನಿಮಿಷ. ನೀರು ಸರಬರಾಜು ಕಚೇರಿಯ ನಿರ್ದೇಶಕರು ತಾವೇ ಠಾಣೆಗೆ ಬಂದು ದೂರು ಕೊಟ್ಟರು. ಮೂವರು ಮಾತ್ರ ನೋಡಬಹುದಾಗಿದ್ದ 'ಕೊಳಾಯಿ ಪರೀಕ್ಷೆ' ಎಂಬ ಫೋಲ್ಡರನ್ನು ಹಿಂದಿನ ದಿನ ಯಾರೋ ಎಲ್ಲರಿಗೂ ತೆರೆದಿಟ್ಟಿದ್ದರು. ಸಾರ್ವಜನಿಕರಿಗೆಂದು ಕೌಂಟರಿನಲ್ಲಿ ಇಟ್ಟಿದ್ದ ಕಂಪ್ಯೂಟರಿನಲ್ಲೂ ಅದು ಕಾಣಿಸಿತ್ತು. ಸಂಜೆಯೊಳಗೆ ಇನ್ನೂರ ಹದಿನಾಲ್ಕು ಸಲ ಯಾರ್ಯಾರೋ ತೆರೆದು ನೋಡಿದ್ದರು.

"ಫೋಲ್ಡರಲ್ಲಿ ಏನಿತ್ತು ಸಾರ್?" ಇನ್‌ಸ್ಪೆಕ್ಟರ್ ಕೇಳಿದರು.

"ಅದು ಗೋಪ್ಯ."

"ಊರೆಲ್ಲ ಓದಿದ ಮೇಲೂನಾ?" ಎಂದಳು ಹೆಡ್ ಕಾನ್‌ಸ್ಟೇಬಲ್, ಬರೆಯುತ್ತಿದ್ದ ಪೆನ್ನು ಎತ್ತದೆ.

11.15ಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಒಂದು ಗಂಟೆಗೆ ಕಚೇರಿಯ ಸರ್ವರ್ ಕೋಣೆಯಲ್ಲಿ ಪಂಚನಾಮೆ ಶುರುವಾಯಿತು. ಪಂಚರು ಇಬ್ಬರು: ಕ್ಯಾಂಟೀನಿನ ಅಡುಗೆಯವನು, ಕಟ್ಟಡದ ಎಲೆಕ್ಟ್ರಿಷಿಯನ್. ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು, ಯಾರ ಕಣ್ಣಿಗೆ ಬೀಳಲೇಬಾರದು ಎಂದು ನಿಗದಿ ಮಾಡುವ ತಂತ್ರಾಂಶ ಒಬ್ಬ ಹೆಂಗಸಿನ ಉಸ್ತುವಾರಿಯಲ್ಲಿತ್ತು. ಇಪ್ಪತ್ತಾರು ವರ್ಷದ ಸೇವೆ. ಇಡೀ ಕಚೇರಿಗೆ ಆಕೆ ಬೀಗದಕ್ಕ. ಕೇಳುವ ಮೊದಲೇ ಹಿಂದಿನ ದಿನದ ದಾಖಲೆಯನ್ನು ಮುದ್ರಿಸಿ ಮೇಜಿನ ಮೇಲಿಟ್ಟಿದ್ದಳು.

ಇಲಾಖೆ ಸೇರುವ ಮೊದಲು ಭೌತಶಾಸ್ತ್ರ ಓದಿದ್ದ ಇನ್‌ಸ್ಪೆಕ್ಟರಿಗೆ ಅಂಕಿಗಳ ಕಾಗದ ಕಂಡರೆ ತಾಳ್ಮೆ ತಾನಾಗಿ ಬರುತ್ತಿತ್ತು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೆಳಗಿಳಿದರು. ಬೆರಳು ಒಂದು ಕಡೆ ನಿಂತಿತು. ಮಾರ್ಚ್ 13, 11 ಗಂಟೆ 20 ನಿಮಿಷ. ಅನುಮತಿ ಕೊಟ್ಟವರು: ನಿರ್ದೇಶಕರು.

ಅವರು ಎದ್ದು ನಿರ್ದೇಶಕರ ಕೋಣೆಗೆ ನಡೆದರು.

"ನಿನ್ನೆ ಹನ್ನೊಂದೂ ಇಪ್ಪತ್ತಕ್ಕೆ ಎಲ್ಲಿದ್ರಿ ಸಾರ್?"

"ಇಲ್ಲೇ. ಸೋಮವಾರ ಅಲ್ವಾ, ಪರ್ಮಿಷನ್ ಪಟ್ಟಿಗೆ ಒಪ್ಪಿಗೆ ಕೊಡ್ತಿದ್ದೆ."

"ಎಷ್ಟು ಸಾಲು?"

"ಅರವತ್ತರ ಮೇಲೆ ಇರತ್ತೆ."

"ಓದಿದ್ರಾ?"

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. "'ಎಲ್ಲಕ್ಕೂ ಒಪ್ಪಿಗೆ' ಅಂತ ಒಂದು ಗುಂಡಿ ಇದೆ. ಎಲ್ಲರೂ ಅದನ್ನೇ ಒತ್ತೋದು."

ಪಟ್ಟಿ ತೆರೆದದ್ದಕ್ಕೂ ಗುಂಡಿ ಒತ್ತಿದ್ದಕ್ಕೂ ನಡುವೆ ಒಂಬತ್ತು ಸೆಕೆಂಡು. ಅರವತ್ಮೂರು ಸಾಲು. ಪ್ರತಿ ಸಾಲಿನ ಕೊನೆಗೂ 'ಕಾರಣ' ಎಂಬ ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟರೆ ತಂತ್ರಾಂಶ ಮುಂದೆ ಹೋಗಲು ಬಿಡುತ್ತಿರಲಿಲ್ಲ, ಹಾಗಾಗಿ ಎಲ್ಲ ವಿಭಾಗದವರೂ ಒಂದು ಚುಕ್ಕಿ ಇಟ್ಟು ಕೈತೊಳೆದುಕೊಳ್ಳುತ್ತಿದ್ದರು. ಅರವತ್ತೆರಡು ಚುಕ್ಕಿ. 'ಕೊಳಾಯಿ ಪರೀಕ್ಷೆ'ಯನ್ನು ಎಲ್ಲರಿಗೂ ತೆರೆಯಲು ಕೋರಿದ್ದ ನಲವತ್ತೊಂದನೇ ಸಾಲಿನಲ್ಲಿ ಮಾತ್ರ ಅಕ್ಷರಗಳಿದ್ದವು: 'ಕುಡಿಯುವವರು ಓದಬೇಕು.' ಕೋರಿದವರು: ಬೀಗದಕ್ಕ, ಪೂರ್ತಿ ಹೆಸರು, ನೌಕರಿ ಸಂಖ್ಯೆ ಸಮೇತ.

"ಪಟ್ಟಿಗೆ ಸಾಲು ಸೇರಿಸೋ ಅಧಿಕಾರ ವಿಭಾಗಗಳಿಗೆ ಮಾತ್ರ. ನಿಮಗಿಲ್ಲ. ಗೊತ್ತಿತ್ತಾ?" ಸರ್ವರ್ ಕೋಣೆಗೆ ಮರಳಿ ಬೀಗದಕ್ಕನನ್ನು ಇನ್‌ಸ್ಪೆಕ್ಟರ್ ಕೇಳಿದರು.

"ಆ ನಿಯಮ ಟೈಪ್ ಮಾಡಿದ್ದೇ ನಾನು."

"ಹೆಸರು ಮುಚ್ಚಿಡಬಹುದಿತ್ತಲ್ಲ?"

"ಮುಚ್ಚಿಡೋ ಕೆಲಸ ಸಾಕಾಗಿತ್ತು ಸಾರ್. ಆ ಫೋಲ್ಡರಿಗೆ ಬೀಗ ಹಾಕಿದ್ದೂ ನಾನೇ. ಆರು ತಿಂಗಳ ಹಿಂದೆ, ನಿರ್ದೇಶಕರು ಹೇಳಿದ್ರು ಅಂತ. ಒಳಗೇನಿದೆ ಅಂತ ಆಗ ನೋಡ್ಲಿಲ್ಲ."

"ತಪ್ಪಾಯ್ತು ಅಂತ ಬರ್ಕೊಡಿ, ಇಲ್ಲೇ ಮುಗಿಸೋಣ," ಬಾಗಿಲಲ್ಲಿ ನಿಂತಿದ್ದ ನಿರ್ದೇಶಕರು ಮೆತ್ತಗೆ ಅಂದರು.

"ಬೀಗ ಹಾಕಿದ್ದು ತಪ್ಪಾಯ್ತು ಅಂತ ಬೇಕಾದ್ರೆ ಬರ್ಕೊಡ್ತೀನಿ. ತೆಗೆದಿದ್ದಕ್ಕೆ ಬರ್ಯಲ್ಲ."

ಹೆಡ್ ಕಾನ್‌ಸ್ಟೇಬಲ್ ಕೆಮ್ಮಿದಳು. ನಗು ಮುಚ್ಚಿಕೊಳ್ಳಲು ಅವಳಿಗೆ ಬೇರೆ ದಾರಿ ಇರಲಿಲ್ಲ.

4.25ಕ್ಕೆ ಬಂಧನ. ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಬೀಗದಕ್ಕ ಉಳಿದದ್ದನ್ನೂ ಹೇಳಿದಳು. ಕಳೆದ ತಿಂಗಳು ಫೋಲ್ಡರಿನ ಬ್ಯಾಕಪ್ ಪ್ರತಿ ಸರಿಯಾಗಿದೆಯೇ ಎಂದು ನೋಡಲು ಒಂದು ಕಡತ ತೆರೆದಿದ್ದಳು. ಅದು ಅವಳ ಮೊಮ್ಮಗಳು ದಿನವೂ ಬಾಟಲಿ ತುಂಬಿಸಿಕೊಳ್ಳುವ ಶಾಲೆಯ ಕೊಳಾಯಿಯದು. ನೇರ ನಿರ್ದೇಶಕರ ಬಳಿ ಹೋಗಿ ಕೇಳಿದ್ದಳು.

"ಏನಂದ್ರು?"

"ಮಗೂಗೆ ಮನೆಯಿಂದ ನೀರು ಕಳಿಸಿ ಅಂದ್ರು. ಕಳಿಸ್ದೆ ಸಾರ್, ಮೂರು ವಾರ. ಉಳಿದ ಮಕ್ಕಳ ಮನೆಯವರಿಗೆ ಈ ಮಾತು ಯಾರು ಹೇಳ್ಬೇಕು?"

ನಿರ್ದೇಶಕರು ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದರು. "ಪಂಚನಾಮೆಗೆ ಆ ಕಡತ ಲಗತ್ತಿಸೋವಾಗ ಅಂಕಿಗಳಿಗೆ ಮಸಿ ಬಳಿದುಬಿಡಿ."

"ಕಂಡದ್ದನ್ನ ಕಂಡ ಹಾಗೇ ಬರೀಬೇಕು ಸಾರ್. ನ್ಯಾಯಾಲಯಕ್ಕೆ ಹೋಗೋ ಕಾಗದ ಇದು. ನಿಮ್ಮ ಒಂಬತ್ತು ಸೆಕೆಂಡೂ ಇದರಲ್ಲೇ ಇದೆ." ಅವರು ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದರು. "ಪಂಚರಿಗೆ ಓದಿ ಹೇಳಮ್ಮ. ಗಟ್ಟಿಯಾಗಿ."

ಕ್ಯಾಂಟೀನಿನ ಅಡುಗೆಯವನ ಮಗಳೂ ಅದೇ ಶಾಲೆಯವಳು. ಅವನು ಸಹಿ ಹಾಕುವ ಮೊದಲು ಆ ಒಂದು ಸಾಲನ್ನು ಮತ್ತೊಮ್ಮೆ ಓದಿಸಿದ. ಹೆಡ್ ಕಾನ್‌ಸ್ಟೇಬಲ್ ಓದಿದಳು: ಶಾಲೆಯ ಕೊಳಾಯಿ, ನಾಲ್ಕನೇ ಪರೀಕ್ಷೆ. ಸೀಸದ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಸಿಕ್ಕಿದ್ದು 43.