ಸಾರೋಟಿನ ದೀಪದ ಎರಡನೆಯ ತಂತಿ

ಬಹಳ ಬಹಳ ಹಿಂದೆ, ಹೊಂಬೆಟ್ಟವೆಂಬ ರಾಜ್ಯದಲ್ಲಿ ಕುದುರೆಯಿಲ್ಲದ ಸಾರೋಟುಗಳು ಓಡುತ್ತಿದ್ದವು. ಆಸನದಡಿ ಒಂದು ಗಡಿಗೆ, ಗಡಿಗೆಯೊಳಗೆ ಹಿಡಿದಿಟ್ಟ ಮಿಂಚು. ಅದೇ ಗಾಲಿ ತಿರುಗಿಸುತ್ತಿತ್ತು. ಒಳಚಾವಣಿಯಲ್ಲಿ ಪುಟ್ಟ ದೀಪವೂ ಇತ್ತು. ಬಾಗಿಲು ತೆರೆದರೆ ಹತ್ತುತ್ತಿತ್ತು, ಮುಚ್ಚಿದರೆ ಆರುತ್ತಿತ್ತು. ಅಂಥ ದೀಪ ಇದ್ದರೆಷ್ಟು, ಬಿಟ್ಟರೆಷ್ಟು! ಆದರೆ ಅರಮನೆಯ ಮೇಸ್ತ್ರಿ ಮಾಡಿದ್ದೆಂದ ಮೇಲೆ ಯಾರೂ ತುಟಿಪಿಟಕ್ಕೆನ್ನಲಿಲ್ಲ.

ಸಾರೋಟು ಓಡಿಸುವ ಬೊಮ್ಮಣ್ಣನಿಗೆ ಮಾತ್ರ ಆ ದೀಪದ್ದೇ ಚಿಂತೆ. ಹೆಂಡತಿ ಚೆನ್ನಾಜಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು; ತವರೋ ಮರೆವಿನ ಕಾಡಿನಾಚೆ. ಹಗಲಲ್ಲೂ ಕತ್ತಲಿರುವ ಆ ಕಾಡಿನಲ್ಲಿ ಒಬ್ಬ ಮಾಯಾವಿಯಿದ್ದ. ಕತ್ತಲ ಸಾರೋಟಿನೊಳಗೆ ನುಸುಳಿ, ಕೂತವರ ನೆನಪುಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ. ಆಚೆ ಇಳಿದ ಗಂಡನಿಗೆ ಹೆಂಡತಿ ಯಾರೋ, ಹೆಂಡತಿಗೆ ಗಂಡ ಯಾರೋ.

ಮೊದಲು ಬೊಮ್ಮಣ್ಣ ಎಣ್ಣೆದೀಪ ತೂಗುಹಾಕಿ ಒಬ್ಬನೇ ಹೋಗಿ ನೋಡಿದ. ಕಾಡಿನಂಚಿನಲ್ಲೇ ಮಾಯಾವಿ ಅದನ್ನು ಉಫ್ ಎಂದು ಊದಿಬಿಟ್ಟ. ಬೊಮ್ಮಣ್ಣ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ.

ಎರಡನೆಯ ಸಲ ಬಾಗಿಲನ್ನು ಅರ್ಧ ತೆರೆದು ಹಗ್ಗ ಕಟ್ಟಿದ. ದೀಪವೇನೋ ಉರಿಯಿತು, ಆದರೆ ಮೂರು ಕಣ್ಣಿನ ತೋಳವೊಂದು ಆ ಸಂದಿಯಲ್ಲಿ ತಲೆ ತೂರಿಸಿತು. ಹಗ್ಗ ಬಿಚ್ಚಿ ಬಾಗಿಲು ಬಡಿದ, ದೀಪ ಆರಿತು. ಹೇಗೋ ತಿರುಗಿ ಮನೆ ಸೇರಿದ.

“ಚೆನ್ನಾಜಿ, ನಿನ್ನ ಧಾರೆ ಸೀರೆ ಯಾವ ಬಣ್ಣದ್ದು?” ಎಂದು ಅವನು ಕೇಳಿದಾಗ ಅವಳ ಮುಖ ಬಾಡಿತು. ಅವನ ಒಂದು ನೆನಪು ಆಗಲೇ ಚೀಲ ಸೇರಿತ್ತು.

ಬಾಗಿಲು ಮುಚ್ಚಿದರೂ ದೀಪ ಉರಿಯುವಂತೆ ಮಾಡಿಕೊಡಿ ಎಂದು ಬೊಮ್ಮಣ್ಣ ಮೇಸ್ತ್ರಿಯ ಬಳಿ ಓಡಿದ.

“ದೀಪದ ತಂತಿ ಮುಟ್ಟಿ ಚಾವಣಿ ಹಲಗೆ ಮೇಲಿರೋ ನನ್ನ ಮುದ್ರೆ ಒಡೆದ್ಯೋ, ಆಮೇಲೆ ನನ್ ಹತ್ರ ಬರಬೇಡ” ಎಂದ ಮೇಸ್ತ್ರಿ.

“ಬರಲ್ಲ ಬಿಡಿ ಸ್ವಾಮಿ” ಎಂದು ಬೊಮ್ಮಣ್ಣ ಮನೆಗೆ ಬಂದು ಚಾವಣಿಯ ಹಲಗೆ ಬಿಚ್ಚಿಯೇಬಿಟ್ಟ. ಗಡಿಗೆಯಿಂದ ದೀಪಕ್ಕೆ ಒಂದು ತಂತಿ ಬಂದಿತ್ತು. ದೀಪದಿಂದ ಬಾಗಿಲಿಗೆ ಇನ್ನೊಂದು ಹೋಗಿ, ಅಲ್ಲಿಂದ ಕೆಳಗಿಳಿದಿತ್ತು. ಈ ಬಾಗಿಲಿನದೇ ಕಿತಾಪತಿ ಎಂದು ಎರಡನೆಯದನ್ನು ಕತ್ತರಿಸಿ ಎಸೆದ. ಈಗ ಬಾಗಿಲು ತೆರೆದರೂ ದೀಪ ಹತ್ತಲಿಲ್ಲ.

ಚೆನ್ನಾಜಿ ಬಹಳ ಹೊತ್ತು ನೋಡಿದಳು. “ಅಲ್ಲಾರೀ, ಮಿಂಚು ಗಡಿಗೆಯಿಂದ ಹೊರಟು ದೀಪದ ತನಕ ಬಂತು. ವಾಪಸ್ ಮನೆಗೆ ಹೋಗೋಕೆ ದಾರಿ ಎಲ್ಲಿ? ನಾನು ತವರಿಗೆ ಹೊರಟಿರೋದೂ ನೀವು ವಾಪಸ್ ಕರ್ಕೊಂಡು ಬರ್ತೀರಿ ಅನ್ನೋ ಧೈರ್ಯದಿಂದ ತಾನೇ?”

ಬೊಮ್ಮಣ್ಣ ಎಸೆದ ತಂತಿಯನ್ನು ಎತ್ತಿಕೊಂಡ. ತಾನು ಕತ್ತರಿಸಿದ್ದು ಮಿಂಚು ಮರಳುವ ದಾರಿಯನ್ನೇ. ಬಾಗಿಲು ಮುಚ್ಚಿದಾಗ ತುಂಡಾಗುತ್ತಿದ್ದುದೂ ಅದೇ. ದೀಪದಿಂದ ನೇರ ಗಡಿಗೆಗೆ ಹೊಸ ತಂತಿ ಎಳೆದ, ನಡುವೆ ಒಂದು ತಿರುಗುಗುಂಡಿ ಇಟ್ಟ. ಬಾಗಿಲು ಮುಚ್ಚಿ ಗುಂಡಿ ತಿರುಗಿಸಿದ. ದೀಪ ಹತ್ತಿತು.

ಮೂರನೆಯ ಸಲ ಇಬ್ಬರೂ ಹೊರಟರು. ಕಾಡಿನ ನಡುವೆ ಮಾಯಾವಿ ಎಂದಿನಂತೆ ನುಸುಳಿದ. ಉಫ್ ಎಂದು ಊದಿದ. ಆದರೆ ಕುಡಿಯಿಲ್ಲದ ದೀಪ ಆರೀತೇ? ಬೆಳಕಿನಲ್ಲಿ ಕಂಡದ್ದು ಚೀಲ ತಬ್ಬಿಕೊಂಡ ಒಬ್ಬ ಕೃಶ ಮುದುಕ.

“ನನ್ನನ್ನ ನೋಡಬೇಡಿ!” ಎಂದು ಚೀರಿದ. ಯಾರ ಕಣ್ಣಿಗೂ ಬೀಳದಿರುವುದೇ ಅವನ ಬಲವಾಗಿತ್ತು. ಅವರು ನೋಡುತ್ತಿದ್ದಂತೆಯೇ ಹೊಗೆಯಾಗಿ ಹೋದ. ಚೀಲ ಬಿಚ್ಚಿಕೊಂಡು ನೆನಪುಗಳೆಲ್ಲ ತಮ್ಮ ತಮ್ಮ ಮನೆಗೆ ಹಾರಿದವು.

“ಹಳದಿ! ಕೆಂಪಂಚಿನ ಹಳದಿ ಸೀರೆ!” ಎಂದು ಬೊಮ್ಮಣ್ಣ ಕೂಗಿದ. ಚೆನ್ನಾಜಿ ನಗುತ್ತಾ ಅತ್ತಳು.

ಮರೆತವರೆಲ್ಲ ತಾವು ಮರೆತಿದ್ದವರನ್ನು ಗುರುತು ಹಿಡಿದು ರಾಜ್ಯವೆಲ್ಲ ಸುಖವಾಗಿ ಬಾಳಿತು. ಮೇಸ್ತ್ರಿ ಎಲ್ಲ ಸಾರೋಟುಗಳಿಗೂ ಎರಡನೆಯ ತಂತಿಯನ್ನು ಹೊಸದಾಗಿ ಎಳೆದು, ಅದು ತನ್ನದೇ ಯೋಚನೆ ಎಂದ. ಬೊಮ್ಮಣ್ಣ ತಕರಾರು ತೆಗೆಯಲಿಲ್ಲ. ಆ ಹೊತ್ತಿಗೆ ಅವನ ಪಕ್ಕದಲ್ಲಿ, ದೀಪದ ಕೆಳಗೆ, ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಚೆನ್ನಾಜಿ ಮನೆಗೆ ಮರಳುತ್ತಿದ್ದಳು.