ಮೂವತ್ತು ಅಡಿಯ ದಾರಿ

“ಲೇ ಶಕೀಲ್, ಹೊರಗ ಬಾ! ಇಲ್ಲಾಂದ್ರ ಗ್ವಾಡಿ ನಿಮ್ಮ ಮೈಮ್ಯಾಲೆ ಬೀಳ್ತಾವು!”

ಅಂಗಳದಲ್ಲಿ ಜೆಸಿಬಿ ಗುಡುಗುತ್ತಿತ್ತು. ಮಗ್ಗದ ಮುಂದೆ ಕುಳಿತು ಜಮಖಾನೆ ನೇಯುತ್ತಿದ್ದ ರೂಬಿನಾಳ ಕೈಯಿಂದ ನೂಲಿನ ಉಂಡೆ ಜಾರಿತು. ಕೂಗುತ್ತಿದ್ದವನು ಬೇರೆ ಯಾರೂ ಅಲ್ಲ, ಗಂಡ ಶಕೀಲನ ಒಡಹುಟ್ಟಿದ ಅಣ್ಣ ಮುಜಫರ್! ಅವನ ಬೆನ್ನಿಗೆ ಅತ್ತೆ ಶಮೀಮಾಬಿ ತಲೆಯ ಸೆರಗು ಬಿಗಿದುಕೊಂಡು ನಿಂತಿದ್ದಳು.

ನವಲಗುಂದದ ಹೊರಗೆ, ಈ ಮನೆಯ ಹಿಂದಿನ ಎರೆಮಣ್ಣಿನ ಹೊಲವನ್ನು ಮುಜಫರ್ ಕೊಂಡಿದ್ದ. ಕಲ್ಲು ನೆಟ್ಟು, ಪ್ಲಾಟು ಮಾಡಿ, ಮುಂಗಡ ಹಣ ಪಡೆದು ಮಂದಿಗೆ ಮಾತು ಕೊಟ್ಟುಬಿಟ್ಟಿದ್ದ. ಆದರೆ ಒಂದು ಪ್ಲಾಟೂ ನೋಂದಣಿಯಾಗಲಿಲ್ಲ. ಹೊಲ ಎನ್.ಎ., ಅಂದರೆ ಕೃಷಿಯೇತರ ಜಮೀನು ಆಗಿರಬೇಕು, ಲೇಔಟಿಗೆ ಮಂಜೂರಿ ಬೇಕು, ಮಂಜೂರಿಗೆ ಡಾಂಬರು ರಸ್ತೆಯಿಂದ ಹೊಲದವರೆಗೆ ಮೂವತ್ತು ಅಡಿ ಅಗಲದ ದಾರಿ ತೋರಿಸಬೇಕು ಎಂದು ಕಚೇರಿಯವರು ಅರ್ಜಿಯನ್ನು ತಿರುಗಿಸಿ ಕಳಿಸಿದ್ದರು. ಅಲ್ಲಿದ್ದದ್ದು ಬರೀ ಒಂದು ಬಂಡಿದಾರಿ. ಅದನ್ನು ಅಗಲ ಮಾಡಲು ಅಡ್ಡವಾಗಿದ್ದದ್ದು ಶಕೀಲನ ಎರಡು ಕೋಣೆಯ ಮನೆ ಮತ್ತು ಮಗ್ಗದ ಪಡಸಾಲೆ. ಅವರ ತಂದೆ ದಾವೂದಸಾಬ ಸಾಯುವ ಮೊದಲೇ ಅದನ್ನು ಕಿರಿಯ ಮಗನ ಹೆಸರಿಗೆ ಮಾಡಿಸಿದ್ದ. ಪ್ಲಾಟು ಹಿಡಿದವರು ಮೊನ್ನೆ ಸಂತೆಯಲ್ಲಿ ಮುಜಫರನ ಕೊರಳಪಟ್ಟಿ ಹಿಡಿದು ಕೆನ್ನೆಗೆ ಬಾರಿಸಿದ್ದರು. ಅಂದಿನಿಂದ ಅವನ ಕಣ್ಣುಗಳು ಕೆಂಪಾಗಿಯೇ ಇದ್ದವು. ಹಿರಿಯ ಮಗನೇ ಪ್ರಾಣ ಎನ್ನುವ ಶಮೀಮಾಬಿಯಂತೂ, ಮನೆ ಬಿಡಬೇಡ ಎಂದು ಗಂಡನ ಕಿವಿ ಊದಿದ ಸೊಸೆಯೇ ಇದಕ್ಕೆಲ್ಲ ಮೂಲ ಎಂದು ಊರ ತುಂಬ ಆಡಿಕೊಂಡು ತಿರುಗುತ್ತಿದ್ದಳು.

ಶಕೀಲ್ ಹೊಸ್ತಿಲ ಮೇಲೆ ನಿಂತ. “ಭಾಯ್, ಇದು ಅಬ್ಬಾ ಕೊಟ್ಟ ಮನಿ. ದಾರಿ ಬೇಕಂದ್ರ ಬಾಜುದವನ ಹೊಲ ಕೇಳು.”

“ಅವ ಕೊಡಂಗಿಲ್ಲ ಅಂದಾನ! ಮಂದಿ ನಡುಸಂತ್ಯಾಗ ನನ್ನ ಅಂಗಿ ಹರದಾರ, ನೀ ಇಲ್ಲಿ ಆರಾಮ ಕುಂತೀಯೇನ್ಲೇ?”

“ಹಂಗಾದ್ರ ನನ್ನ ಮ್ಯಾಲೆ ಹಾಯಿಸು!”

ಮುಜಫರ್ ಚಾಲಕನಿಗೆ ಕೈ ಮಾಡಿದ. ಜೆಸಿಬಿಯ ಹಲ್ಲು ಪಡಸಾಲೆಯ ಗೋಡೆಯನ್ನು ಕಚ್ಚಿತು. ತೊಲೆ ಮುರಿದು ಮಗ್ಗದ ಮೇಲೆ ಬಿತ್ತು. ರೂಬಿನಾ ಚೀರುತ್ತ ಧೂಳಿನೊಳಗಿಂದ ಹೊರಗೆ ಓಡಿಬಂದಳು. ಶಕೀಲ್ ಕಲ್ಲೆತ್ತಿ ಬೀಸಿದ. ಗಾಜು ಒಡೆದು, ಚಾಲಕ ಜಿಗಿದು ಓಡಿಹೋದ. ಅಷ್ಟರಲ್ಲಿ ಮುಜಫರನ ಕೈಗೆ ಹಾರೆ ಬಂದಿತ್ತು!

ಮೊದಲ ಏಟು ಮೊಣಕಾಲಿಗೆ. ಶಕೀಲ್ ಕುಸಿದ. ರೂಬಿನಾ ಹಾರಿ ಭಾವನ ಮಣಿಕಟ್ಟನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಅವನು ಅವಳನ್ನು ಜಾಡಿಸಿ ಕಲ್ಲಿನ ಮೇಲೆ ಒಗೆದ. ಎರಡನೆಯ ಏಟು ಶಕೀಲನ ಮುಖಕ್ಕೇ ಬಿತ್ತು... ಅಯ್ಯೋ, ಆ ಸದ್ದು!

“ಬಿಡೋ! ಸಾಯ್ತಾನೋ ಅವ!” ಶಮೀಮಾಬಿ ಆಗ ಕೂಗಿದಳು. ತಡವಾಗಿತ್ತು. ಮುಜಫರ್ ಹಾರೆ ಬಿಸಾಡಿ ಹೊಲದೊಳಗೆ ಓಡಿದ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರರು ಶಕೀಲನ ಜೀವ ಉಳಿಸಿದರು. ಎಡಗಣ್ಣು ಮಾತ್ರ ಉಳಿಯಲಿಲ್ಲ. ಹೇಳಿಕೆ ಬರೆದುಕೊಳ್ಳಲು ಪೊಲೀಸ್ ಫೌಜದಾರರು ಬಂದಾಗ, ವರಾಂಡದ ತುದಿಯಿಂದ ಅತ್ತೆ ತನ್ನ ಕಡೆಗೇ ಬರುವುದನ್ನು ರೂಬಿನಾ ಕಂಡಳು. ಹಿರಿಯ ಮಗನನ್ನು ಉಳಿಸು ಎಂದು ಕಾಲಿಗೆ ಬೀಳುತ್ತಾಳೆ... ಬಿದ್ದರೂ ಬಿಡುವುದಿಲ್ಲ! ಅವಳು ಹಲ್ಲು ಕಚ್ಚಿ, ಕಾಲು ಹಿಂದೆಳೆದುಕೊಂಡಳು.

ಶಮೀಮಾಬಿ ಅವಳನ್ನು ದಾಟಿ ಫೌಜದಾರರ ಮುಂದೆ ನಿಂತಳು.

“ಬರಕೊಳ್ರಿ ಸಾಹೇಬ್ರ. ಹೊಡದಾವ ನನ್ನ ಹಿರೇಮಗ ಮುಜಫರ್. ಮನಿ ಕೆಡವು ಅಂತ ಬೆನ್ನ ಹತ್ತಿ ಹೋದಾಕಿ ನಾನು. ಇಬ್ಬರನೂ ಬರಕೊಳ್ರಿ.”

“ಯೋಚನಿ ಮಾಡ್ರಿ ಅಮ್ಮಾ. ಬರದ್ರ ಮಗ ಒಳಗ ಹೋಗ್ತಾನ.”

“ಒಬ್ಬ ಮಗನ ಕಣ್ಣು ಹೋತ್ರಿ... ಇನ್ನೊಬ್ಬನ ಹೊಡಿಯೂ ಕೈ ಹಿಡೀಬೇಕಲ್ರಿ? ತಾಯಿ ಹಿಡೀಲಿಲ್ಲ. ನೀವರ ಹಿಡೀರಿ!”

ಮುದುಕಿ ಗೋಡೆಗೆ ಜಾರಿ ಕುಳಿತಳು. ರೂಬಿನಾಳ ಎದೆಯ ಬೆಂಕಿ ಆರಿರಲಿಲ್ಲ, ಆದರೆ ಯಾರ ಮೇಲೆ ಸುರಿಯಬೇಕೆಂದು ತಿಳಿಯದಾಯಿತು.

ಸಂಜೆಗೆ ಮುಜಫರ್ ಅಣ್ಣಿಗೇರಿಯಲ್ಲಿ ಸಿಕ್ಕಿಬಿದ್ದ. ಕರೆದಾಗ ಬರಬೇಕೆಂದು ಹೇಳಿ ಫೌಜದಾರರು ಬಿಟ್ಟು ಕಳಿಸಿದ ಶಮೀಮಾಬಿ ಹಿರಿಯ ಮಗನ ದೊಡ್ಡ ಮನೆಗೆ ಹೋಗದೆ, ಮುರಿದ ಪಡಸಾಲೆಗೇ ಬಂದು ಕುಳಿತಳು. ನೀರು ಸಹ ಮುಟ್ಟಲಿಲ್ಲ. ಬೆಳಗ್ಗೆ ದವಾಖಾನೆಯಿಂದ ಬಂದ ರೂಬಿನಾ ರೊಟ್ಟಿ ಬಡಿದು, ಪಲ್ಯ ಇಟ್ಟು, ಎರಡು ಗಂಟು ಕಟ್ಟಿದಳು.

“ಏಳ್ರಿ ಅಮ್ಮಾ. ಇದು ದವಾಖಾನಿಗೆ ಒಯ್ಯೂದು. ಅದು ಠಾಣೆಗೆ.”

“ಠಾಣೆಗ್ಯಾಕ ಬೇ? ಅಂಥಾವಗ ನೀ ಯಾಕ ರೊಟ್ಟಿ ಕಟ್ಟಿ?”

“ಅವಗ ಅಲ್ರಿ. ಅವ ಉಂಡಾನಂದ್ರ ನೀವು ಉಣ್ತೀರಿ.”

ಶಮೀಮಾಬಿ ಸೊಸೆಯ ಮೊಣಕೈ ಹಿಡಿದು ಎದ್ದಳು. ಹೊಸ್ತಿಲು ದಾಟುವವರೆಗೂ, ಬಸ್ಸು ಹತ್ತುವವರೆಗೂ, ಆ ಕೈ ಬಿಡಲಿಲ್ಲ.